ಗೊತ್ತಿದ್ದೂ ಸುಮ್ಮನಿದ್ದ ಮೇಷ್ಟ್ರು

ಉಮಾಮಹೇಶ್ವರ ಅವರಿಗೆ ಬೆಸುಗೆಯೊಂದು ಬಿಟ್ಟು ಬೇರೆ ಕೆಲಸ ಬರುತ್ತಿರಲಿಲ್ಲ. ಆ ಒಂದು ಕೆಲಸ ಮಾತ್ರ ಬಹಳ ಚೆನ್ನಾಗಿ ಬರುತ್ತಿತ್ತು. ಹುಣಸೂರಿನ ಕಡೆಯವರು. ಐಟಿಐ ಮುಗಿಸಿ, ಇಪ್ಪತ್ತೆರಡನೆಯ ವಯಸ್ಸಿನಲ್ಲಿ ತಿರುವನಂತಪುರದ ಬಾಹ್ಯಾಕಾಶ ಕೇಂದ್ರಕ್ಕೆ ವೆಲ್ಡರ್ ಆಗಿ ಸೇರಿದರು. ಮೂವತ್ತೆಂಟು ವರ್ಷ ತಲೆಗೆ ಹೆಲ್ಮೆಟ್, ಕೈಗೆ ಚರ್ಮದ ಗ್ಲೌಸು ಹಾಕಿಕೊಂಡೇ ಕಳೆದು, ಸೀನಿಯರ್ ಟೆಕ್ನಿಷಿಯನ್ ಆಗಿ ನಿವೃತ್ತರಾದರು. ರಾಕೆಟ್ ಹಾರುವ ದಿನ ಟೀವಿಯ ಮುಂದೆ ಕೂತು, "ಅದರಲ್ಲಿ ನಂದೂ ಎರಡು ಜಾಯಿಂಟ್ ಇದೆ ಕಣೇ" ಎಂದು ಹೆಂಡತಿ ಅನಸೂಯಾಗೆ ಹೇಳುವುದು ಅವರ ವಾಡಿಕೆ. ಯಾವ ಎರಡು ಎಂದು ಅನಸೂಯಾ ಒಂದು ದಿನವೂ ಕೇಳಲಿಲ್ಲ.

ನಿವೃತ್ತಿಯಾದ ಮೇಲೆ ಶ್ರೀಕಾರ್ಯಂನ ಫ್ಲ್ಯಾಟಿನಲ್ಲಿ ಅವರಿಗೆ ಹೊತ್ತು ಹೋಗದಾಯಿತು. ಮಗಳು ಮಹತಿ ಹುಟ್ಟಿ ಬೆಳೆದದ್ದೆಲ್ಲ ತಿರುವನಂತಪುರದಲ್ಲೇ, ಮದುವೆಯಾದದ್ದೂ ಮಲಯಾಳಿಯನ್ನೇ. ಮೊಮ್ಮಗ ಧ್ರುವನಿಗೆ ಕನ್ನಡ ಅರ್ಥವಾಗುತ್ತಿತ್ತು, ಆದರೆ ಬಾಯಿಗೆ ಬರುತ್ತಿರಲಿಲ್ಲ. ತಾತ ಕನ್ನಡದಲ್ಲಿ ಕಥೆ ಶುರುಮಾಡಿದರೆ ಮೊಬೈಲಿನಿಂದ ಕಣ್ಣು ತೆಗೆಯದೆ ಬೇಡ ಎನ್ನಲೂ ಮಲಯಾಳದಲ್ಲೇ "ವೇಂಡ ತಾತಾ" ಎನ್ನುತ್ತಿದ್ದ. ಮನೆಯಲ್ಲಿ ಅವರ ಜತೆ ಕನ್ನಡವಾಡುತ್ತಿದ್ದವರು ಅನಸೂಯಾ ಒಬ್ಬರೇ. ಅದೂ ಹಾಲು, ತರಕಾರಿ, ಬಿ.ಪಿ. ಮಾತ್ರೆ, ಅಷ್ಟಕ್ಕೆ ಮುಗಿಯುತ್ತಿತ್ತು.

ಅಂಥ ಹೊತ್ತಿನಲ್ಲಿ ಕೊಚ್ಚಿಯಿಂದ ಮಂದಾಕಿನಿ ಎಂಬವರ ಫೋನು ಬಂತು. ಕಾಸರಗೋಡಿನ ಹೆಂಗಸು, ಒಂದು ಸೇವಾ ಸಂಸ್ಥೆಯಲ್ಲಿ ಕೆಲಸ. "ನಿಮ್ಮ ಹೆಸರು ನಿಮ್ಮ ಹಳೇ ಆಫೀಸಿನವರೇ ಕೊಟ್ಟದ್ದು ಸರ್. ನಮಗೊಬ್ಬರು ಕನ್ನಡ ಗೊತ್ತಿರುವ ವೆಲ್ಡಿಂಗ್ ಮಾಸ್ಟರ್ ಬೇಕಿತ್ತು" ಎಂದರು. ಬೈಲಕುಪ್ಪೆಯ ಟಿಬೆಟನ್ ಕ್ಯಾಂಪುಗಳಿಂದ ಎಂಟು ಮಂದಿ, ಆ ಕ್ಯಾಂಪುಗಳ ಸುತ್ತಲಿನ ಹಳ್ಳಿಗಳಿಂದ ಎಂಟು ಮಂದಿ, ಒಟ್ಟು ಹದಿನಾರು ಯುವಕ ಯುವತಿಯರಿಗೆ ಆರು ತಿಂಗಳ ತರಬೇತಿ. ವಸತಿ, ಊಟ, ಜತೆಗೆ ತಿಂಗಳು ತಿಂಗಳು ಭತ್ಯೆ. ಕಲಿಯುವವರಿಗೇ ಸಂಬಳ ಕೊಟ್ಟು ಕಲಿಸುವ ಯೋಜನೆ, ಯಾರೂ ಮನೆಯ ಕಷ್ಟಕ್ಕೆ ಅರ್ಧಕ್ಕೇ ಬಿಟ್ಟುಹೋಗಬಾರದು ಎಂದು. ಕೊಚ್ಚಿಯ ಅಂಬಲಮುಗಳ್ ಕಡೆ ಶೆಡ್ಡು ಬಾಡಿಗೆಗೆ ಹಿಡಿದಾಗಿದೆ. ಅಲ್ಲೊಂದು ದೊಡ್ಡ ಕಾರ್ಖಾನೆಯಲ್ಲಿ ಪೈಪಿನ ಕೆಲಸ ಹಿಡಿದಿರುವ ಗುತ್ತಿಗೆದಾರ, ಪರೀಕ್ಷೆಯಲ್ಲಿ ಗೆದ್ದವರನ್ನೆಲ್ಲ ತೆಗೆದುಕೊಳ್ಳುತ್ತೇನೆ ಅಂದಿದ್ದಾನೆ.

"ಹೋಗಿ ಬನ್ನಿ. ಮನೇಲಿ ಕೂತು ಫ್ಯಾನಿನ ಸ್ಕ್ರೂ ಬಿಚ್ಚೋದು ತಪ್ಪುತ್ತೆ" ಎಂದರು ಅನಸೂಯಾ.

ಕೊಚ್ಚಿಯ ವೈಟ್ಟಿಲದಲ್ಲಿ ಒಂದು ಕೋಣೆ ಹಿಡಿದರು. ವಾರವೆಲ್ಲ ಅಲ್ಲಿಂದ ಬಸ್ಸಿನಲ್ಲಿ ಅಂಬಲಮುಗಳಿಗೆ, ಶನಿವಾರ ರೈಲು ಹತ್ತಿ ತಿರುವನಂತಪುರಕ್ಕೆ.

ಮೊದಲ ದಿನ ಶೆಡ್ಡಿಗೆ ಹೋದಾಗ ಹದಿನಾರು ಮಂದಿ ಸಾಲಾಗಿ ನಿಂತಿದ್ದರು. ಅವರು ಇಂಗ್ಲಿಷಿನಲ್ಲಿ ಗುಡ್ ಮಾರ್ನಿಂಗ್ ಹೇಳುವಷ್ಟರಲ್ಲಿ, ಎರಡನೇ ಸಾಲಿನಿಂದ ಒಂದು ಹುಡುಗಿ, ಚಪ್ಪಟೆ ಮುಖ, ತುಂಡುಗೂದಲು, ತಲೆ ಮುಂದೆ ಚಾಚಿ ಕೇಳಿದಳು: "ಮೇಷ್ಟ್ರೆ, ನೀವು ಹುಣಸೂರ್‌ನೋರಂತೆ, ದಿಟವಾ?"

ಅವಳ ಹೆಸರು ಯುದೋನ್. ವಯಸ್ಸು ಇಪ್ಪತ್ತೊಂದು. ಅಪ್ಪ ಕ್ಯಾಂಪಿನಲ್ಲಿ ಮುಸುಕಿನ ಜೋಳ ಬೆಳೆಯುವವನು. ಟ್ರಾಕ್ಟರ್ ಟ್ರೇಲರ್ ಮುರಿದಾಗಲೆಲ್ಲ ಅವನ ಜತೆ ಕೊಪ್ಪದ ವೆಲ್ಡಿಂಗ್ ಅಂಗಡಿಗೆ ಹೋಗಿ ಹೋಗಿ, ಅಂಗಡಿಯವನ ಪಕ್ಕ ನಿಂತು ನೋಡಿ ನೋಡಿ, ಕೊನೆಗೆ ಅವನ ಕೈಯಿಂದ ರಾಡ್ ಕಿತ್ತುಕೊಂಡು ತಾನೇ ಹಚ್ಚಲು ಕಲಿತಿದ್ದಳು. ಅವಳ ಕನ್ನಡ ಪಿರಿಯಾಪಟ್ಟಣದ ಸಂತೆಯ ಕನ್ನಡ. ಉಮಾಮಹೇಶ್ವರ ಅವರ ಅಮ್ಮ ಮಾತಾಡುತ್ತಿದ್ದದ್ದೂ ಅದನ್ನೇ. "ಬತ್ತೀನಿ", "ಹೋಗ್ಬುಟ್ಟೆ", "ಅಂಗಲ್ಲ ಕಣಿ" ಎಂಬ ಮಾತುಗಳು ಆ ತಗಡಿನ ಶೆಡ್ಡಿನಲ್ಲಿ ಬೆಳಗಿನಿಂದ ಸಂಜೆಯವರೆಗೆ ಕಿವಿಗೆ ಬೀಳತೊಡಗಿದಾಗ ಅವರಿಗೆ ಒಳಗೆ ಏನೋ ಸಡಿಲಾದಂತಾಯಿತು. ಮೂವತ್ತೆಂಟು ವರ್ಷ ಅವರು ಎಲ್ಲರ ಬಾಯಲ್ಲಿ ಬರೀ ಮಹೇಶ್ ಆಗಿದ್ದರು. ಇಲ್ಲಿ ಹದಿನಾರು ಬಾಯಿ ಅವರನ್ನು ಮೇಷ್ಟ್ರೆ ಎನ್ನುತ್ತಿತ್ತು.

ಆ ವಾರದ ಗುರುವಾರ ಮಂದಾಕಿನಿ ಅವರನ್ನು ಆಫೀಸಿನ ಕೋಣೆಗೆ ಕರೆದರು. ಮೇಜಿನ ಮೇಲೆ ಗುತ್ತಿಗೆದಾರ ಕಳಿಸಿದ್ದ ಗೇಟ್ ಪಾಸಿನ ಅರ್ಜಿ ಇತ್ತು.

"ಇಲ್ಲೊಂದು ತೊಂದರೆ ಉಂಟು ನೋಡಿ ಸರ್. ಭಾರತೀಯ ನಾಗರಿಕರಿಗೆ ಮಾತ್ರ ಪಾಸು ಅಂತ ಬರೆದಿದ್ದಾರೆ. ಕ್ಯಾಂಪಿನ ಮಕ್ಕಳ ಹತ್ರ ಇರುವುದು ನಿರಾಶ್ರಿತರ ನೋಂದಣಿ ಪುಸ್ತಕ. ನಾನು ಕಾರ್ಖಾನೆಯ ಮೇಲಿನವರಿಗೆ ಬರೆದಿದ್ದೇನೆ. ಒಪ್ಪಲಿಕ್ಕೂ ಸಾಕು, ಒಪ್ಪದೇ ಇರಲಿಕ್ಕೂ ಸಾಕು."

ಉಮಾಮಹೇಶ್ವರ ಅರ್ಜಿ ತೆಗೆದು ಓದಿದರು. ಗೇಟ್ ಪಾಸಿನ ವಿಷಯ ಅವರಷ್ಟು ಬಲ್ಲವರು ಯಾರು? ಇಡೀ ಜೀವಮಾನ ಕಾವಲಿನ ಗೇಟು ದಾಟಿಯೇ ಅನ್ನ ತಿಂದವರು. ಅಂಥ ಕಡೆ ಇಂಥ ಸಾಲೊಂದು ಅಚ್ಚಾಯಿತೆಂದರೆ ಅದು ಯಾರ ಪತ್ರಕ್ಕೂ ಅಳಿಸುವುದಿಲ್ಲ ಎಂದು ಅವರಿಗೆ ಆ ಕ್ಷಣವೇ ಗೊತ್ತಾಯಿತು.

"ಮಕ್ಕಳಿಗೆ ಈಗಲೇ ಹೇಳಿಬಿಡುವುದು ಒಳ್ಳೆಯದು. ಬೇಕಾದವರು ಇರಲಿ, ಬೇಡದವರು ಹೋಗಲಿ. ನಾನು ಹೇಳಬೇಕಾ, ನೀವು ಹೇಳುತ್ತೀರಾ?" ಎಂದರು ಮಂದಾಕಿನಿ.

"ನಾನೇ ಹೇಳ್ತೀನಿ ಬಿಡಿ. ನಮ್ಮ ಕಡೆ ಮಕ್ಕಳು" ಎಂದರು ಉಮಾಮಹೇಶ್ವರ.

ಶುಕ್ರವಾರ ಹೇಳಬೇಕೆಂದಿದ್ದರು. ಅಂದು ಮೊದಲ ಸಲ ವೆಲ್ಡಿಂಗ್ ಟಾರ್ಚ್ ಹಿಡಿದ ಹುಡುಗರು ಕುಣಿಯುತ್ತಿದ್ದರು. ಸೋಮವಾರ ಹೇಳಿದರಾಯಿತು ಅಂದುಕೊಂಡರು. ಸೋಮವಾರ ಒಬ್ಬನಿಗೆ ಜ್ವರ. ಆಮೇಲಿನ ಶನಿವಾರ ಹುಡುಗರು ಅವರನ್ನು ಹಾಸ್ಟೆಲಿಗೆ ಊಟಕ್ಕೆ ಕರೆದರು. ಕೊಪ್ಪದ ಹತ್ತಿರದ ಮಾದೇಶ ಊರಿನಿಂದ ರಾಗಿ ಹಿಟ್ಟು ತಂದಿದ್ದ. ಅವನು ಮುದ್ದೆ ಕೂಡಿಸಿದ, ಯುದೋನ್ ಒಗ್ಗರಣೆಗೆ ಬೆಳ್ಳುಳ್ಳಿ ಜಜ್ಜಿ ಬಸ್ಸಾರು ಮಾಡಿದಳು. ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕೂತು ಮುದ್ದೆ ಮುರಿಯುವಾಗ ಉಮಾಮಹೇಶ್ವರರ ಕಣ್ಣು ಒದ್ದೆಯಾಯಿತು. ಖಾರ ಜಾಸ್ತಿಯಾಯಿತು ಎಂದರು. ಆವತ್ತು ತಿರುವನಂತಪುರದ ರೈಲು ತಪ್ಪಿಸಿಕೊಂಡರು, ಮನೆಗೆ ಫೋನು ಮಾಡಿ ಕೆಲಸವಿದೆ ಎಂದರು.

ಮಾರನೇ ವಾರ ಮಂದಾಕಿನಿ ಬಾಗಿಲಲ್ಲಿ ನಿಂತು, "ಹೇಳಿದಿರಲ್ಲ ಸರ್?" ಎಂದು ಕೇಳಿದರು. ಅವರು ಹೌದೆಂಬಂತೆ ತಲೆಯಾಡಿಸಿದರು. ಬಾಯಿಂದ ಸುಳ್ಳು ಹೇಳಲಿಲ್ಲವಲ್ಲ ಎಂದು ಆಮೇಲೆ ಬಸ್ಸಿನಲ್ಲಿ ತಮಗೆ ತಾವೇ ಸಮಾಧಾನ ಹೇಳಿಕೊಂಡರು.

ಎರಡನೇ ತಿಂಗಳು. ಊಟದ ಬಿಡುವಿನಲ್ಲಿ ಯುದೋನ್ ಅವರ ಬಳಿ ಬಂದಳು. ಬೆವರಿನಿಂದ ಕೂದಲು ಹಣೆಗೆ ಅಂಟಿತ್ತು, ಕೈಯಲ್ಲಿ ಮೊಬೈಲು.

"ಮೇಷ್ಟ್ರೆ, ಒಂದ್ ಮಾತು ಕೇಳ್ಬೇಕಿತ್ತು. ಮೈಸೂರಲ್ಲಿ ಒಂದು ಆಸ್ಪತ್ರೇಲಿ ಲ್ಯಾಬ್ ಟೆಕ್ನಿಷಿಯನ್ ಕೋರ್ಸಿಗೆ ಮೊದ್ಲೇ ಅರ್ಜಿ ಹಾಕಿದ್ದೆ. ಈಗ ಸೀಟು ಬಂದೈತೆ. ಹಾಸ್ಟೆಲ್ಲೂ ಕೊಡ್ತಾರಂತೆ. ಹತ್ತು ದಿನದಲ್ಲಿ ಸೇರ್ಬೇಕು."

"ನಿನಗೇನು ಇಷ್ಟ?"

"ಇಷ್ಟ ಈ ಕೆಲ್ಸಾನೇ. ಆದ್ರೆ ನಮ್ಮಪ್ಪ ಅಂತಾರೆ, ಅಲ್ಲಾದ್ರೆ ಕೆಲಸ ಗ್ಯಾರಂಟಿ ಅಂತ. ಇಲ್ಲೂ ಗ್ಯಾರಂಟಿನಾ ಮೇಷ್ಟ್ರೆ? ಆ ಫ್ಯಾಕ್ಟ್ರಿ ಒಳಕ್ಕೆ ನಮ್ಮಂಥೋರ‍್ನ ಬಿಡ್ತಾರಾ?"

ಇದಕ್ಕಿಂತ ನೇರವಾಗಿ ಯಾರೂ ಕೇಳಲಾರರು. ಉಮಾಮಹೇಶ್ವರರ ನಾಲಗೆಯ ತುದಿಗೆ ಉತ್ತರವೂ ಬಂದಿತ್ತು. ಆದರೆ ಅವಳು ಹೋದರೆ ಉಳಿದ ಏಳು ಮಂದಿ ಯಾಕೆ ಎಂದು ಕೇಳುತ್ತಾರೆ. ಕೇಳಿದರೆ ಅವರೂ ಹೋಗುತ್ತಾರೆ. ಅರ್ಧ ಶೆಡ್ಡು ಖಾಲಿಯಾದರೆ ತರಬೇತಿಯೇ ನಿಂತು, ತಾವು ಮತ್ತೆ ಶ್ರೀಕಾರ್ಯಂನ ಸೋಫಾಕ್ಕೆ. ಇದೆಲ್ಲ ಅವರ ಮನಸ್ಸಿನಲ್ಲಿ ಒಂದು ಉಸಿರಿನಷ್ಟು ಹೊತ್ತಿನಲ್ಲಿ ಹಾದುಹೋಯಿತು. ಇನ್ನೂ ಒಂದಿತ್ತು. ಅವಳು ಅವರ ಅತ್ಯುತ್ತಮ ಶಿಷ್ಯೆ. ಅಂಥ ಕೈ ಅವರು ಇಡೀ ಸರ್ವೀಸಿನಲ್ಲಿ ಇಬ್ಬರದೋ ಮೂವರದೋ ನೋಡಿದ್ದರು. ಆ ಕೈ ರಕ್ತದ ಬಾಟಲಿ ಹಿಡಿಯುವುದನ್ನು ನೆನೆಯಲು ಅವರಿಂದಾಗಲಿಲ್ಲ.

"ಕೈಯಲ್ಲಿ ಕೆಲಸ ಇದ್ದೋರನ್ನ ಯಾರಮ್ಮ ಬೇಡ ಅಂತಾರೆ? ನೀನು ಕಲಿ. ಗೇಟಿನ ವಿಷಯ ನನಗೆ ಬಿಡು" ಎಂದರು.

ಅವಳ ಮುಖ ಅರಳಿತು. ಅಲ್ಲೇ ನಿಂತು ಅಪ್ಪನಿಗೆ ಫೋನು ಮಾಡಿ ಟಿಬೆಟನ್ ಭಾಷೆಯಲ್ಲಿ ಏನೋ ಹೇಳಿದಳು. ನಡುವೆ 'ಮೇಷ್ಟ್ರು' ಎಂಬ ಒಂದೇ ಕನ್ನಡ ಪದ ಮೂರು ನಾಲ್ಕು ಸಲ ಕೇಳಿಸಿತು.

ನಾಲ್ಕನೇ ತಿಂಗಳಲ್ಲಿ ಮೇಲಿನವರ ಉತ್ತರ ಬಂತು. ಆಗುವುದಿಲ್ಲ, ನಿಯಮ ನಿಯಮವೇ. ಮಂದಾಕಿನಿ ಆ ಪತ್ರದ ಫೋಟೊ ತೆಗೆದು ವಾಟ್ಸಾಪಿನಲ್ಲಿ ಕಳಿಸಿ, "ಮಕ್ಕಳಿಗೆ ಇದನ್ನೂ ತಿಳಿಸಿ ಸರ್. ಬೇರೆ ಕಡೆ ಕೆಲಸ ಹುಡುಕಬೇಕಾ ಕೇಳಿ" ಎಂದು ಬರೆದರು. ಉಮಾಮಹೇಶ್ವರ ಬಸ್ಸಿನಲ್ಲಿ ನಿಂತೇ ಓದಿದರು. ಸರಿ ಎಂದು ಉತ್ತರಿಸಿದರು. ಆಮೇಲೆ ಆ ಫೋಟೊ ಅಳಿಸಿಹಾಕಿದರು. ಯಾಕೆ ಅಳಿಸಿದೆ ಎಂದು ಅವರಿಗೇ ತಿಳಿಯಲಿಲ್ಲ. ಅವರ ಫೋನನ್ನು ಯಾರೂ ಮುಟ್ಟುತ್ತಿರಲಿಲ್ಲ.

ಅಲ್ಲಿಂದ ಮುಂದೆ ಅವರು ಹೆಚ್ಚು ಹೆಚ್ಚು ಕಲಿಸತೊಡಗಿದರು. ಸಂಜೆ ಐದಕ್ಕೆ ಮುಗಿಯಬೇಕಾದ ಪಾಠ ಆರೂವರೆಯವರೆಗೆ ನಡೆಯಿತು. ಪೈಪನ್ನು ಓರೆಯಾಗಿ ಗಟ್ಟಿ ಬಿಗಿದು, ಅದನ್ನು ತಿರುಗಿಸದೆ ಬೆಸೆಯುವವನೇ ಅದರ ಸುತ್ತ ಬಗ್ಗಿ, ಮಂಡಿಯೂರಿ, ಕತ್ತು ತಿರುಚಿ ಬೆಸೆಯುವ ಕಠಿಣ ಪರೀಕ್ಷೆಗೆ ಎಲ್ಲರನ್ನೂ ಅಣಿಮಾಡಿದರು. ಯುದೋನ್‌ಗಂತೂ ತಮಗೆ ಗೊತ್ತಿದ್ದ ಒಳಗುಟ್ಟೆಲ್ಲ ಧಾರೆಯೆರೆದರು: ಉಸಿರು ಯಾವಾಗ ಹಿಡಿಯಬೇಕು, ಯಾವಾಗ ಬಿಡಬೇಕು, ಕಿರುಬೆರಳನ್ನು ಪೈಪಿಗೆ ಊರಿ ಕೈ ನಡುಗದಂತೆ ಹೇಗೆ ನಿಲ್ಲಿಸಬೇಕು. ಹೇಳದೇ ಉಳಿಸಿದ್ದರ ಬದಲಿಗೆ ಇದನ್ನು ಕೊಡುತ್ತಿದ್ದೇನೆ ಎಂಬ ಒಂದು ಮೊಂಡು ಭಾವನೆ ಅವರಲ್ಲಿತ್ತು. ಸಂಸ್ಥೆಯವರು ಬಂದು ಫೋಟೊ ತೆಗೆದರು. ಹೆಲ್ಮೆಟ್ ಮೇಲೆತ್ತಿ ನಗುತ್ತಿರುವ ಯುದೋನ್, ಪಕ್ಕದಲ್ಲಿ ಎದೆಯುಬ್ಬಿಸಿ ನಿಂತ ಉಮಾಮಹೇಶ್ವರ. ಅದನ್ನು ದೊಡ್ಡದು ಮಾಡಿ ಎರ್ನಾಕುಲಂನ ಒಂದು ಸಭಾಂಗಣದಲ್ಲಿ ತೂಗುಹಾಕಿದರು. ಅವರು ಅದರ ಫೋಟೊ ತೆಗೆದು ಅನಸೂಯಾಗೆ ಕಳಿಸಿದರು.

ಪರೀಕ್ಷೆ ನಡೆದದ್ದು ಕಾರ್ಖಾನೆಯ ಗೇಟಿನ ಹೊರಗೆ, ಗುತ್ತಿಗೆದಾರನ ಅಂಗಳದಲ್ಲಿ. ಎರಡು ದಿನ ಬೆಸುಗೆ, ಮೂರನೇ ದಿನ ಎಕ್ಸ್-ರೇ. ನಾಲ್ಕನೇ ದಿನ ಬೆಳಿಗ್ಗೆ ಫಲಿತಾಂಶಕ್ಕೆ ಎಲ್ಲರೂ ಸೇರಿದರು. ಒಂಬತ್ತು ಮಂದಿ ಗೆದ್ದಿದ್ದರು, ಅದರಲ್ಲಿ ಕ್ಯಾಂಪಿನವರು ನಾಲ್ವರು. ಯುದೋನ್ ಹಾಕಿದ ಜಾಯಿಂಟಿನಲ್ಲಿ ಒಂದು ಗುಳ್ಳೆಯಿಲ್ಲ, ಒಂದು ಬಿರುಕಿಲ್ಲ. ಎಕ್ಸ್-ರೇ ನೋಡಿದ ಇಂಜಿನಿಯರು ಅದನ್ನು ಬೆಳಕಿಗೆ ಹಿಡಿದು ಇನ್ನೊಬ್ಬನನ್ನು ಕರೆದು ತೋರಿಸಿದ. ಹುಡುಗರು ಅವಳ ಬೆನ್ನು ಚಪ್ಪರಿಸಿದರು.

ಆಮೇಲೆ ಗುಮಾಸ್ತ ಕುರ್ಚಿಯ ಮೇಲೆ ಕೂತು ಗೇಟ್ ಪಾಸಿಗೆ ಹೆಸರು ಕರೆಯತೊಡಗಿದ. ಐದು ಹೆಸರು ಕರೆದು ರಿಜಿಸ್ಟರು ಮುಚ್ಚಿದ.

"ನನ್ನ ಹೆಸರು ಬಿಟ್ಟೋಯ್ತು ಸರ್" ಎಂದಳು ಯುದೋನ್, ತಾನು ಕಲಿತಿದ್ದ ಅಷ್ಟಿಷ್ಟು ಮಲಯಾಳದಲ್ಲಿ. ಗುಮಾಸ್ತ ಒರಟನಲ್ಲ. ಮೆಲ್ಲಗೆ, ಪಾಸು ಭಾರತೀಯ ನಾಗರಿಕರಿಗೆ ಮಾತ್ರ, ನಿಮಗೆ ತಿಳಿಸಿದ್ದಾರೆ ಅಂದುಕೊಂಡಿದ್ದೆ ಎಂದ.

ಅವಳು ಮಂದಾಕಿನಿಯ ಕಡೆ ತಿರುಗಿದಳು. ಮಂದಾಕಿನಿಗೆ ನಿಜಕ್ಕೂ ಆಶ್ಚರ್ಯ. "ಇದು ನಿಮಗೆ ಗೊತ್ತುಂಟಲ್ಲ ಯುದೋನ್? ಮೊದಲ ವಾರವೇ ಸರ್ ನಿಮಗೆಲ್ಲ ಹೇಳಿದ್ದಾರಲ್ಲ? ಆದರೂ ಕಲೀತೇವೆ ಅಂತ ನೀವೇ ಉಳಿದದ್ದು ಅಂದುಕೊಂಡೆ ನಾನು."

ಹದಿನಾರು ಮುಖಗಳು ಉಮಾಮಹೇಶ್ವರರ ಕಡೆ ಹೊರಳಿದವು. ಅವರು ಬೇಲಿಯ ಹತ್ತಿರ, ಕೈಯಲ್ಲಿ ಲಡ್ಡುವಿನ ಪೊಟ್ಟಣ ಹಿಡಿದು ನಿಂತಿದ್ದರು. ಗೆದ್ದವರಿಗೆ ಹಂಚಲು ಬೆಳಿಗ್ಗೆ ವೈಟ್ಟಿಲದಲ್ಲಿ ಕೊಂಡದ್ದು.

"ಮೇಷ್ಟ್ರೆ, ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು ಅಂದ್ರೆ... ಪೂರ್ತಿ ಗೊತ್ತಿರಲಿಲ್ಲಮ್ಮ. ಪತ್ರ ಬರೆದಿದ್ರು. ಏನಾದ್ರೂ ಆಗಬಹುದು ಅಂತ..."

"ಉತ್ತರ ಬಂದು ಎರಡು ತಿಂಗಳಾಯ್ತು ಸರ್. ನಿಮಗೆ ಕಳಿಸಿದ್ದೇನೆ" ಎಂದರು ಮಂದಾಕಿನಿ. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಅರ್ಥವಾಗದ ಗೊಂದಲವಿತ್ತು. ಅದೇ ಹೆಚ್ಚು ಚುಚ್ಚಿತು.

ಯುದೋನ್ ಬಗ್ಗಿ ತನ್ನ ಹೆಲ್ಮೆಟ್ಟು ಎತ್ತಿಕೊಂಡಳು. ಅದು ಸಂಸ್ಥೆಯದು ಎಂದು ನೆನಪಾಗಿ ಮತ್ತೆ ಕೆಳಗಿಟ್ಟಳು. ಉಳಿದ ಮೂವರನ್ನು ಕರೆದುಕೊಂಡು ರಸ್ತೆಗೆ ನಡೆದಳು. ಮಾದೇಶ ತನ್ನ ಪಾಸನ್ನು ಯಾರಿಗೂ ಕಾಣದ ಹಾಗೆ ಅಂಗೈಯಲ್ಲಿ ಮುಚ್ಚಿಟ್ಟುಕೊಂಡು, "ನನ್ ಜಾಯಿಂಟ್‌ಗಿಂತ ಅವಳ್ದು ಚೆಂದಾಗೈತೆ ಮೇಷ್ಟ್ರೆ" ಎಂದ. ಉಮಾಮಹೇಶ್ವರ ಅವನಿಗೆ ಲಡ್ಡುವಿನ ಪೊಟ್ಟಣ ಚಾಚಿದರು. ಅವನು ತೆಗೆದುಕೊಳ್ಳಲಿಲ್ಲ.

ಅಂದು ಮಧ್ಯಾಹ್ನದ ರೈಲಿಗೇ ಅವರು ತಿರುವನಂತಪುರಕ್ಕೆ ಓಡಿಬಂದರು. ಓಡಿಬಂದರು ಎಂದೇ ಹೇಳಬೇಕು. ಕೋಣೆಯ ಬಾಗಿಲಿಗೆ ಬೀಗ ಹಾಕಿದ ನೆನಪೂ ಅವರಿಗಿರಲಿಲ್ಲ. ಮನೆಯಲ್ಲಿ ಬೆನ್ನುನೋವು ಎಂದರು. ಮೂರು ದಿನ ಮಲಗಿದರು. ಮಂದಾಕಿನಿಯ ಫೋನು ಬಂದರೆ ತೆಗೆಯಲಿಲ್ಲ. ಧ್ರುವ ಶಾಲೆಯಿಂದ ಬಂದು, ತಾತ ಕಳಿಸಿದ್ದ ಫೋಟೊ ಟೀಚರಿಗೆ ತೋರಿಸಿದ್ದಾಗಿ ಹೇಳಿದಾಗ ಗೋಡೆಯ ಕಡೆ ಮಗ್ಗುಲಾದರು.

ನಾಲ್ಕನೇ ದಿನ ಬೆಳಿಗ್ಗೆ ಅನಸೂಯಾ ಕಾಫಿ ತಂದು ಮಂಚದ ಅಂಚಿಗೆ ಕೂತರು. "ಬೆನ್ನುನೋವಿನವರು ಹೀಗೆ ಮಗ್ಗುಲು ಬದಲಿಸಲ್ಲ. ಏನಾಯ್ತು ಹೇಳಿ" ಎಂದರು.

ಅವರು ಹೇಳಿದರು. ನಿಯಮದ ವಿಷಯ, ಪತ್ರದ ವಿಷಯ, ಮಕ್ಕಳ ಮನಸ್ಸು ಮುರಿಯಬಾರದೆಂದು ತಾವು ಸುಮ್ಮನಿದ್ದ ವಿಷಯ. ಮೈಸೂರಿನ ಸೀಟಿನ ಮಾತು ಬಿಟ್ಟರು. ಅನಸೂಯಾ ಕಾಫಿ ಆರುವ ತನಕ ಕೇಳಿದರು.

"ಅವರ ಮನಸ್ಸು ಮುರಿಯುತ್ತೆ ಅಂತಲೋ, ನಿಮ್ಮದೋ?"

ಉಮಾಮಹೇಶ್ವರ ಹೊದಿಕೆಯ ಅಂಚನ್ನು ಮಡಿಸತೊಡಗಿದರು.

"ಆ ಫೋಟೊ ಕಳಿಸಿದ್ರಲ್ಲ, ಆಗಲೂ ನಿಮಗೆ ಗೊತ್ತಿತ್ತು?"

"ಗೊತ್ತಿತ್ತು."

ಅನಸೂಯಾ ಎದ್ದು ಲೋಟ ತೆಗೆದುಕೊಂಡರು. ಮೂವತ್ತೈದು ವರ್ಷದ ಸಂಸಾರದಲ್ಲಿ ಹೆಂಡತಿಗೆ ತಮ್ಮ ಮೇಲೆ ಕೋಪ ಬಂದದ್ದನ್ನು, ಬೇಸರ ಬಂದದ್ದನ್ನು ಅವರು ಬಲ್ಲರು. ಅಂದು ಅನಸೂಯಾರ ಮುಖದಲ್ಲಿ ಕಂಡದ್ದು ಎರಡೂ ಅಲ್ಲ. ಪರಿಚಯವಿಲ್ಲದವರ ಮನೆಗೆ ತಪ್ಪಿ ಬಂದವರು ಹಿಂದಕ್ಕೆ ಹೆಜ್ಜೆಯಿಡುವಾಗ ಇರುವಂಥ ಸಂಕೋಚ. ಅದನ್ನು ನೋಡಲಾರದೆ ಅವರು ಮೈಸೂರಿನ ಸೀಟಿನ ಸಂಗತಿಯನ್ನೂ ಹೇಳಿಬಿಟ್ಟರು, ಅಡುಗೆಮನೆಯ ಬಾಗಿಲಿನವರೆಗೆ ಹಿಂದೆ ಹೋಗಿ. ಅನಸೂಯಾ ನಲ್ಲಿ ತಿರುಗಿಸಿ ಲೋಟ ತೊಳೆಯುತ್ತ, "ಇಲ್ಲಿ ಮಲಗಿದ್ರೆ ಆ ಹುಡುಗಿಗೇನು ಬಂತು?" ಎಂದರು, ಅಷ್ಟೇ.

ಮರುದಿನ ಅವರು ಕೊಚ್ಚಿಗೆ ವಾಪಸಾದರು. ಕ್ಯಾಂಪಿನ ಎಂಟು ಮಂದಿಯಲ್ಲಿ ಮೂವರು ಆಗಲೇ ಊರಿಗೆ ಹೊರಟುಹೋಗಿದ್ದರು. ಹಾಸ್ಟೆಲನ್ನು ತಿಂಗಳ ಕೊನೆಗೆ ಖಾಲಿ ಮಾಡಬೇಕಿತ್ತು. ಯುದೋನ್ ಇನ್ನೂ ಇದ್ದಳು. ಅಂಗಳದಲ್ಲಿ ಬಟ್ಟೆ ಒಣಹಾಕುತ್ತಿದ್ದವಳು ಅವರನ್ನು ನೋಡಿ ಕೈ ನಿಲ್ಲಿಸಲಿಲ್ಲ.

"ತಪ್ಪಾಯ್ತಮ್ಮ" ಎಂದರು ಉಮಾಮಹೇಶ್ವರ. ರೈಲಿನಲ್ಲಿ ಕೂತು ಬೇರೆ ಏನೇನೋ ಜೋಡಿಸಿಕೊಂಡು ಬಂದಿದ್ದರು.

ಅವಳು ಒಂದು ಅಂಗಿಯನ್ನು ಝಾಡಿಸಿ ತಂತಿಗೆ ಹಾಕಿದಳು. "ಗೇಟ್ ಹಾಕೋದು ನಮಗೇನು ಹೊಸದಾ ಮೇಷ್ಟ್ರೆ? ಹುಟ್ಟಿದಾಗಿಂದ ನೋಡ್ತಾನೇ ಇವ್ನಿ. ಬಸ್ ಪಾಸಿಂದ ಹಿಡಿದು ಎಲ್ಲ ಕಡೆ ಆ ಪುಸ್ತಕ ತೋರ್ಸಿ, ಇದೇನು ಅಂತ ಅವರು ಕೇಳಿ, ನಾವು ಹೇಳಿ. ಆ ನೋವು ನಂಗೆ ಅಭ್ಯಾಸ. ನೀವು ಮೊದ್ಲೇ ಹೇಳಿದ್ರೆ ಮೈಸೂರೋ, ಇಲ್ಲೋ, ನಾನೇ ಯೋಚ್ನೆ ಮಾಡ್ತಿದ್ದೆ. ಇಲ್ಲೇ ಉಳ್ಕೋತಿದ್ದೆನೋ ಏನೋ. ನಂಗೆ ಈ ಕೆಲಸ ಇಷ್ಟ. ಆದ್ರೆ ನಾನ್ ಮಾಡ್ಬೇಕಾಗಿದ್ದ ಯೋಚ್ನೇನ ನೀವ್ ಮಾಡ್ಬುಟ್ರಿ."

ಅವಳು ಬೈದಿದ್ದರೆ ಅವರಿಗೆ ಹಗುರವಾಗುತ್ತಿತ್ತು. ಅವಳು ಬಕೆಟ್ಟು ಎತ್ತಿಕೊಂಡು ಒಳಗೆ ಹೋದಳು. ಉಮಾಮಹೇಶ್ವರ ಒದ್ದೆ ಬಟ್ಟೆಗಳ ನಡುವೆ ಬಹಳ ಹೊತ್ತು ನಿಂತಿದ್ದರು. ಒಳಗಿನಿಂದ ಯಾರೋ ಕಿಟಕಿಯಲ್ಲಿ ಇಣುಕಿ ನೋಡಿದ ಮೇಲೆ ಹೊರಟರು.

ಮಾರನೇ ದಿನದಿಂದ ಅವರು ವರ್ಕ್‌ಶಾಪುಗಳನ್ನು ಸುತ್ತತೊಡಗಿದರು. ಗೇಟ್ ಪಾಸಿನ ಗೊಡವೆಯಿಲ್ಲದ ಸಣ್ಣ ಸಣ್ಣ ಜಾಗಗಳು: ದೋಣಿ ರಿಪೇರಿಯವರು, ಗ್ರಿಲ್ ಮಾಡುವವರು, ಬಸ್ಸಿನ ಬಾಡಿ ಕಟ್ಟುವವರು. ಬಹಳ ಮಂದಿ ಹುಡುಗಿ ಎಂದ ಕೂಡಲೇ ನಕ್ಕರು. ಒಬ್ಬ ಇವರನ್ನೇ ಕೆಲಸಕ್ಕೆ ಬರುತ್ತೀರಾ ಎಂದು ಕೇಳಿದ. ಬಿಸಿಲಲ್ಲಿ ನಡೆದು ಪಾದ ಊದಿಕೊಂಡವು. ಅದು ಅವರಿಗೆ ಒಂದು ರೀತಿ ಹಿತವಾಗಿಯೇ ಇತ್ತು. ಹಿತವಾಗಿದೆ ಎಂದು ಗೊತ್ತಾದಾಗ ಅದಕ್ಕೂ ನಾಚಿಕೆಯಾಯಿತು. ಅಲೆದು ಅಲೆದು ತಾನು ಶುದ್ಧನಾಗಿಬಿಡುವ ಹುನ್ನಾರ ಇದು ಅನ್ನಿಸಿತು.

ವೈಟ್ಟಿಲದಿಂದ ಸ್ವಲ್ಪ ಒಳಗೆ ಜುಬೈದಾ ಎಂಬ ಐವತ್ತರ ಹೆಂಗಸು ಹೋಟೆಲು ಅಡುಗೆಮನೆಗಳ ಸ್ಟೀಲ್ ಸಾಮಾನು ತಯಾರಿಸುವ ಶೆಡ್ಡು ನಡೆಸುತ್ತಿದ್ದರು. ದೊಡ್ಡ ಸಿಂಕು, ಮೇಜು, ಬಿರಿಯಾನಿ ಬೇಯಿಸುವ ಆವಿಯ ಪಾತ್ರೆ. ಗಂಡ ತೀರಿಕೊಂಡ ಮೇಲೆ ತಾವೇ ನಿಂತು ಬೆಳೆಸಿದ ಕಸುಬು. ಉಮಾಮಹೇಶ್ವರ ಮಲಯಾಳದಲ್ಲಿ ಯುದೋನಳ ಗುಣಗಾನ ಶುರುಮಾಡಿದರು. ಜುಬೈದಾ ಕೈಯೆತ್ತಿ ತಡೆದರು.

"ಚೇಟ್ಟಾ, ನಿಮ್ಮ ಮಾತು ಬೇಡ. ಅವಳ ಕೈ ನೋಡಬೇಕು. ಅವಳೇ ಬರಲಿ. ಮೂರು ತಿಂಗಳು ನೋಡುತ್ತೇನೆ, ಸರಿಹೋಗದಿದ್ದರೆ ಕಳಿಸುತ್ತೇನೆ. ಇಲ್ಲಿ ಏಸಿ ಇಲ್ಲ, ಪಿಎಫ್ ಇಲ್ಲ. ಶೌಚಾಲಯ ಪಕ್ಕದ ಅಂಗಡಿಯದು. ಇದನ್ನೆಲ್ಲ ಮೊದಲೇ ಅವಳಿಗೆ ಹೇಳಿ. ಆಮೇಲೆ ಬಂದು ಅಳಬಾರದು."

"ಹೇಳುತ್ತೇನೆ" ಎಂದರು ಉಮಾಮಹೇಶ್ವರ. ಆ ಪದ ಬಾಯಿಂದ ಹೊರಟಾಗ ಕಿವಿ ಬಿಸಿಯಾಯಿತು.

ಯುದೋನ್‌ಗೆ ಅವರು ಫೋನಿನಲ್ಲಿ ಹೇಳಲಿಲ್ಲ, ಖುದ್ದು ಹೋಗಿ ಹೇಳಿದರು. ಶೌಚಾಲಯದಿಂದ ಶುರುಮಾಡಿದರು. ಪಿಎಫ್ ಇಲ್ಲ, ಸೆಕೆ ಬಹಳ, ಮೂರು ತಿಂಗಳ ಮೇಲೆ ಖಾತ್ರಿಯಿಲ್ಲ, ಪೈಪಿನ ಕೆಲಸವಲ್ಲ, ತೆಳು ತಗಡಿನ ಕೆಲಸ, ನಿನ್ನ ಕಲಿಕೆಯ ಅರ್ಧ ಅಲ್ಲಿ ದಂಡ. ಒಳ್ಳೆಯದೇನೆಂದು ಅವಳೇ ಕೇಳುವ ತನಕ ಒಳ್ಳೆಯದನ್ನು ಹೇಳಲಿಲ್ಲ. ಅವಳ ತುಟಿಯ ಅಂಚಿನಲ್ಲಿ ಒಂದು ನಗು ಬಂದು ಹೋಯಿತು, ಅಥವಾ ಅವರಿಗೆ ಹಾಗೆ ಅನ್ನಿಸಿತು.

"ನಾನ್ ಹೋಗಿ ನೋಡ್ತೀನಿ. ನೀವ್ ಬರ್ಬೇಡಿ" ಎಂದಳು.

ಅವಳು ಪರೀಕ್ಷೆ ಗೆದ್ದಿದ್ದ ಕ್ಯಾಂಪಿನ ಗೆಳತಿಯೊಬ್ಬಳನ್ನು ಕರೆದುಕೊಂಡು ಹೋದಳು. ತಗಡು ಬೆಸೆದು ತೋರಿಸಿದಳು. ಶೌಚಾಲಯದ ಬಗ್ಗೆ ಜುಬೈದಾ ಜತೆ ವಾದಿಸಿ, ತಿಂಗಳೊಳಗೆ ಶೆಡ್ಡಿನ ಹಿಂದೆ ಒಂದನ್ನು ಕಟ್ಟಿಸುವ ಮಾತು ತೆಗೆದುಕೊಂಡು ಗೆಳತಿಯ ಜತೆ ಕೆಲಸಕ್ಕೆ ಸೇರಿದಳು. ಇದೆಲ್ಲ ಉಮಾಮಹೇಶ್ವರರಿಗೆ ತಿಳಿದದ್ದು ಮಾದೇಶನಿಂದ. ಮೂರು ತಿಂಗಳು ಕಳೆದವು, ಅವಳು ಅಲ್ಲಿಯೇ ಇದ್ದಳು. ಪರೀಕ್ಷೆ ಗೆದ್ದ ಉಳಿದ ಇಬ್ಬರು ಕ್ಯಾಂಪಿನ ಹುಡುಗರು ಬೆಂಗಳೂರಿನ ಹೋಟೆಲಿಗೆ ಹೋದರಂತೆ, ಅಡುಗೆಗೆ. ಆರು ತಿಂಗಳು ಅವರು ಕಲಿತದ್ದು ಯಾವ ಪ್ರಯೋಜನಕ್ಕೂ ಬರಲಿಲ್ಲ.

ಎರಡನೇ ತಂಡ ಬರುವ ಹೊತ್ತಿಗೆ ಅವರು ರಾಜೀನಾಮೆ ಬರೆದು ಮಂದಾಕಿನಿಯ ಮೇಜಿನ ಮೇಲಿಟ್ಟರು. ಮಂದಾಕಿನಿ ಓದಿ, ಅದನ್ನು ಅವರ ಕಡೆಗೇ ಸರಿಸಿದರು.

"ನೀವು ಹೋದರೆ ನಿಮಗೆ ಸುಲಭ ಸರ್. ಕಲಿಸುವವರು ಮಾತ್ರ ನನಗೆ ಇನ್ನೊಬ್ಬರು ಇಲ್ಲ. ಗುತ್ತಿಗೆದಾರ ಅವನೇ, ಗೇಟೂ ಅದೇ. ಹೊಸ ಮಕ್ಕಳಿಗೆ ಈ ಸಲವೂ ಹೇಳಲಿಕ್ಕುಂಟು. ಹೇಳುವವರು ಯಾರು?"

ಮೊದಲ ದಿನ ಶೆಡ್ಡಿನಲ್ಲಿ ಹದಿನೆಂಟು ಮಂದಿ ಸಾಲಾಗಿ ನಿಂತಿದ್ದರು. ಉಮಾಮಹೇಶ್ವರ ಹೆಸರು ಕೇಳಲಿಲ್ಲ, ಊರು ಕೇಳಲಿಲ್ಲ. ಅರ್ಜಿಯ ಆ ಸಾಲನ್ನು ಕನ್ನಡದಲ್ಲಿ ಓದಿದರು. ಕ್ಯಾಂಪಿನವರು ಎಷ್ಟೇ ಚೆನ್ನಾಗಿ ಕಲಿತರೂ ಆ ಗೇಟಿನೊಳಗೆ ಹೋಗಲಾಗದು, ಹೊರಗೆ ಸಿಗುವ ಕೆಲಸಗಳು ಇಂತಿಂಥವು, ಅವುಗಳ ಕಷ್ಟ ಇಂತಿಂಥದು ಎಂದರು. ಕೊನೆಗೆ, "ಇದನ್ನ ಹೋದ ಸಲ ನಾನು ಮುಚ್ಚಿಟ್ಟಿದ್ದೆ. ಅದರಿಂದ ಒಬ್ಬ ಹುಡುಗಿ ಮೈಸೂರಿನ ಸೀಟು ಕಳಕೊಂಡಳು" ಎಂದರು. ಇಷ್ಟು ಹೇಳಬೇಕೆಂದು ಮಂದಾಕಿನಿಯೂ ಕೇಳಿರಲಿಲ್ಲ.

ಹಿಂದಿನ ಸಾಲಿನಲ್ಲಿ ಒಬ್ಬ, "ಯಾಕ್ ಮುಚ್ಚಿಟ್ರಿ ಸಾ?" ಎಂದ. ಕುಹಕವಲ್ಲ, ತಿಳಿದುಕೊಳ್ಳುವ ಕುತೂಹಲ.

ಉಮಾಮಹೇಶ್ವರ ಅವನ ಮುಖ ನೋಡಲು ಪ್ರಯತ್ನಿಸಿ, ಅವನ ಬೂಟು ನೋಡಿದರು. "ನನಗೆ ಅವರು ಹೋಗೋದು ಬೇಕಿರಲಿಲ್ಲ. ಅಷ್ಟೇ ಕಾರಣ. ಬೇರೆ ಒಳ್ಳೇ ಕಾರಣ ಯಾವುದೂ ಇಲ್ಲ."

ಆ ಮಧ್ಯಾಹ್ನ ಕ್ಯಾಂಪಿನ ಮೂವರು ಹೊರಟುಹೋದರು. ಅವರ ಪ್ರಯಾಣದ ವೆಚ್ಚ ಸಂಸ್ಥೆಯೇ ಕೊಟ್ಟಿತು. ಉಳಿದವರಿಗೆ ಅವರು ಅಂದೇ ಟಾರ್ಚ್ ಹಿಡಿಯುವುದನ್ನು ತೋರಿಸಿದರು. ಯಾರಾದರೂ ಮೆಚ್ಚಿ ಮಾತಾಡಿದರೆ ಈಗ ಅವರು ಕತ್ತು ತಗ್ಗಿಸಿ 'ಕೆಲಸ ನೋಡಿ' ಎನ್ನುತ್ತಾರೆ. ಹಾಸ್ಟೆಲಿಗೆ ಊಟಕ್ಕೆ ಕರೆದರೆ ಹೋಗುವುದಿಲ್ಲ.

ವೈಟ್ಟಿಲದ ಬಸ್‌ಸ್ಟ್ಯಾಂಡಿನಿಂದ ಅವರ ಕೋಣೆಗೆ ಜುಬೈದಾರ ಶೆಡ್ಡಿನ ಮುಂದಿನ ದಾರಿಯೇ ಹತ್ತಿರ. ಅವರು ಸುತ್ತಿ ಬಳಸಿ ಇನ್ನೊಂದು ಬೀದಿಯಿಂದ ಹೋಗುತ್ತಾರೆ. ಒಂದು ಸಂಜೆ ಮಳೆ ಜೋರಾಗಿ, ಬೇರೆ ದಾರಿಯಲ್ಲಿ ಮೊಣಕಾಲುದ್ದ ನೀರು ನಿಂತು, ಶೆಡ್ಡಿನ ದಾರಿಯಲ್ಲೇ ಬರಬೇಕಾಯಿತು. ಶೆಡ್ಡಿನ ಬಾಗಿಲು ತೆರೆದಿತ್ತು. ಯುದೋನ್ ಒಂದು ದೊಡ್ಡ ಸಿಂಕಿನ ಮೂಲೆಗೆ ಬಗ್ಗಿ ಬೆಸೆಯುತ್ತಿದ್ದಳು. ಕಿರುಬೆರಳು ಊರಿತ್ತು, ಕೈ ಅಲುಗುತ್ತಿರಲಿಲ್ಲ. ಅವಳ ಪಕ್ಕ ನಿಂತಿದ್ದ ಗೆಳತಿ ಇವರನ್ನು ಕಂಡು ಅವಳ ಭುಜ ಮುಟ್ಟಿದಳು. ಯುದೋನ್ ಹೆಲ್ಮೆಟ್ ಮೇಲೆತ್ತುವಷ್ಟರಲ್ಲಿ ಉಮಾಮಹೇಶ್ವರ ಛತ್ರಿಯನ್ನು ಮುಖಕ್ಕೆ ಅಡ್ಡ ಹಿಡಿದು, ಅರವತ್ತೊಂದರ ವಯಸ್ಸಿಗೆ ಆಗುವಷ್ಟು ಬೇಗ ಬೇಗ, ನೀರು ಚಿಮ್ಮಿಸುತ್ತ ದಾಟಿಹೋದರು.